ಸೌರ ಬೀದಿದೀಪ ಮತ್ತು ಪಂಪಿನ ಪೆಟ್ಟಿಗೆ: ಒಳಗಿನ ಬಿಡಿಭಾಗಗಳ ಪರಿಚಯ

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಚಳ್ಳಕೆರೆ ಮತ್ತು ಮೊಳಕಾಲ್ಮೂರು ಮಳೆಗೆ ಬಡವಾದರೂ ಬಿಸಿಲಿಗೆ ಸಿರಿವಂತವಾದ ಸೀಮೆಗಳು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಆದರೆ ವಿಜ್ಞಾನವಿರುವುದು ಅಲ್ಲಿ ಮಾತ್ರವಲ್ಲ. ಹಟ್ಟಿಯ ತಿರುವಿನ ಸೌರದೀಪದ ಕಂಬದಲ್ಲಿಯೂ ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆಯಲ್ಲಿಯೂ ಇದೆ.

ಬೀದಿದೀಪ ಹಾಗೂ ಕುಡಿಯುವ ನೀರು ಗ್ರಾಮ ಪಂಚಾಯಿತಿಯ ಹೊಣೆ. ದೀಪ ಕೆಟ್ಟಿದೆ, ಪೂರ್ತಿ ಬದಲಿಸಬೇಕು ಎಂಬ ಟಿಪ್ಪಣಿ ಸಭೆಗೆ ಬಂದಾಗ, ಕೆಟ್ಟಿರುವುದು ಯಾವ ಭಾಗವೆಂದು ಸದಸ್ಯರು ಕೇಳಬೇಕು. ಹಾಗೆ ಕೇಳಲು ಭಾಗಗಳ ಪರಿಚಯ ಅಗತ್ಯ.

ಮೊದಲನೆಯದು ಸೋಲಾರ್ ಪ್ಲೇಟ್. ಒಂದು ಸಿಲಿಕಾನ್ ಕೋಶ ಕೊಡುವುದು ಸುಮಾರು ಅರ್ಧ ವೋಲ್ಟ್ ಮಾತ್ರ. ಅಂತಹ 36 ಕೋಶಗಳನ್ನು ಸಾಲಾಗಿ ಜೋಡಿಸಿದಾಗ ಸುಮಾರು 18 ವೋಲ್ಟ್ ದೊರೆತು, 12 ವೋಲ್ಟಿನ ಬ್ಯಾಟರಿ ತುಂಬುತ್ತದೆ. ರಾತ್ರಿ ಬ್ಯಾಟರಿಯ ವಿದ್ಯುತ್ತು ಪ್ಲೇಟಿಗೆ ಹಿಂದಿರುಗದಂತೆ ತಡೆಯುವುದು ಡಯೋಡ್. ಪಂಪಿನ ಕೊಳವೆಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಹೇಗೋ, ವಿದ್ಯುತ್ತಿಗೆ ಡಯೋಡ್ ಹಾಗೆ. ಬೆಳಕು ನೀಡುವ ಎಲ್‌ಇಡಿಯೂ ಡಯೋಡಿನದೇ ಒಂದು ಬಗೆ.

ರೆಸಿಸ್ಟರ್ ವಿದ್ಯುತ್ ಪ್ರವಾಹಕ್ಕೆ ಮಿತಿ ಹಾಕುತ್ತದೆ. ಒಂದೊಂದಕ್ಕೆ 3 ವೋಲ್ಟ್ ಬೇಕಾಗುವ ಮೂರು ಸಣ್ಣ ಎಲ್‌ಇಡಿಗಳನ್ನು ಸಾಲಾಗಿ 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದರೆ 3 ವೋಲ್ಟ್ ಉಳಿಯುತ್ತದೆ. ಪ್ರವಾಹ 0.02 ಆಂಪಿಯರ್ ಇರಬೇಕಾದರೆ, 3ನ್ನು 0.02ರಿಂದ ಭಾಗಿಸಿದಾಗ ಬರುವ 150 ಓಮ್‌ನ ರೆಸಿಸ್ಟರ್ ಬೇಕು. ಇದು ಓಮನ ನಿಯಮ. ದೊಡ್ಡ ಬೀದಿದೀಪದಲ್ಲಿ ಈ ಕೆಲಸವನ್ನು ಡ್ರೈವರ್ ಎಂಬ ಮಂಡಲವು ನಿರ್ವಹಿಸುತ್ತದೆ. ಸಾಲಿನಲ್ಲಿ ಒಂದು ಎಲ್‌ಇಡಿ ಕಡಿದುಹೋದರೂ ಆ ಸಾಲೆಲ್ಲ ಕತ್ತಲಾಗುತ್ತದೆ. ಆದುದರಿಂದ ಅರ್ಧ ಉರಿಯುವ ದೀಪಕ್ಕೆ ಬ್ಯಾಟರಿಯನ್ನು ದೂರುವುದು ಸರಿಯಲ್ಲ.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರಾನ್ಸಿಸ್ಟರ್ ಇಲ್ಲಿ ಕೈ ಮುಟ್ಟದೆಯೇ ಕೆಲಸ ಮಾಡುವ ಸ್ವಿಚ್ಚು. ಸಂಜೆ ಪ್ಲೇಟಿನ ವೋಲ್ಟೇಜ್ ಕುಸಿದುದನ್ನು ಗುರುತಿಸಿದ ಕಂಟ್ರೋಲರ್, ಟ್ರಾನ್ಸಿಸ್ಟರಿನ ಮೂಲಕ ದೀಪ ಹೊತ್ತಿಸುತ್ತದೆ. ಪ್ಲೇಟಿನ ತಂತಿ ಕಡಿದರೆ ಕಂಟ್ರೋಲರ್ ಹಗಲನ್ನೂ ರಾತ್ರಿಯೆಂದೇ ತಿಳಿಯುವುದು. ಆದ್ದರಿಂದ ಹಗಲಿನಲ್ಲಿ ದೀಪ ಉರಿಯುತ್ತಿದ್ದರೆ ಮೊದಲು ತಂತಿಯನ್ನು ನೋಡಬೇಕು. ಸಂಜೆ ಹೊತ್ತಿ ಬೇಗನೆ ಆರಿದರೆ, ಪ್ಲೇಟಿನ ಮೇಲಿನ ಧೂಳು ಮತ್ತು ಮರದ ನೆರಳನ್ನು ಪರಿಶೀಲಿಸಿದ ನಂತರವೇ ಬ್ಯಾಟರಿಯ ಮಾತು.

ಕೊನೆಯದು ಕೆಪಾಸಿಟರ್, ಪಂಪ್ ರಿಪೇರಿಯವರ ಮಾತಿನಲ್ಲಿ ಕಂಡೆನ್ಸರ್. ಇದು ವಿದ್ಯುದಂಶವನ್ನು ಕೂಡಿಟ್ಟು ಬಿಡುಗಡೆ ಮಾಡುತ್ತದೆ. ಸಿಂಗಲ್ ಫೇಸ್ ಮೋಟಾರು ತಿರುಗಲು ತೊಡಗುವುದು ಇದರ ನೆರವಿನಿಂದಲೇ. ಮೋಟಾರು ಗುಂಯ್‌ಗುಡುತ್ತ ತಿರುಗದಿದ್ದರೆ ಕಂಡೆನ್ಸರ್ ಸೋತಿರಬಹುದು. ಹಾಗೆಯೇ ಸ್ವಿಚ್ಚು ಹಾಕಿ ಬಿಟ್ಟರೆ ವೈಂಡಿಂಗ್ ಸುಟ್ಟು, ಸಣ್ಣ ಭಾಗದ ದೋಷಕ್ಕಾಗಿ ಮೋಟಾರನ್ನೇ ಮೇಲೆತ್ತಬೇಕಾಗುತ್ತದೆ. ಅಷ್ಟು ದಿನ ಊರಿಗೆ ನೀರಿಲ್ಲ. ಬದಲಿಸುವಾಗ ಹಳೆಯದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಮತ್ತು ವೋಲ್ಟ್ ಅಂಕಿಗಳಿಗೆ ಹೊಸದು ಹೊಂದಬೇಕು. ಕರೆಂಟು ತೆಗೆದ ಮೇಲೂ ಕಂಡೆನ್ಸರಿನಲ್ಲಿ ವಿದ್ಯುದಂಶ ಉಳಿದಿರುವುದರಿಂದ ನೀರಗಂಟಿಯು ಅದನ್ನು ಮುಟ್ಟಕೂಡದು; ತರಬೇತಿ ಪಡೆದ ಎಲೆಕ್ಟ್ರಿಷಿಯನ್‌ನನ್ನೇ ಕರೆಸತಕ್ಕದ್ದು.

ಬಿಲ್ಲಿಗೆ ಅನುಮೋದನೆ ನೀಡುವ ಮುನ್ನ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳಲಿ: ಯಾವ ಭಾಗ ಕೆಟ್ಟಿದೆ? ಅಳೆದು ನೋಡಿದವರು ಯಾರು? ತೆಗೆದ ಹಳೆಯ ಭಾಗ ಎಲ್ಲಿದೆ? ಉತ್ತರಗಳು ನಡವಳಿ ಪುಸ್ತಕದಲ್ಲಿ ದಾಖಲಾದರೆ ಪಂಚಾಯಿತಿಯ ಹಣ ಉಳಿಯುವುದು. ಹಟ್ಟಿಯ ದೀಪವೂ ಬೇಗ ಹೊತ್ತುವುದು.