ಆಸ್ಪತ್ರೆಯ ಮಗು ಮತ್ತು ತಾಯಿಯ ಸಾನ್ನಿಧ್ಯ

(ಶತಮಾನೋತ್ಸವದ ಅಂಗವಾಗಿ ತಾಯಿತಂದೆಯರ ಕೂಟದಲ್ಲಿ ಮಾಡಿದ ಭಾಷಣ)



 ಮಗುವಿಗೆ ಕಾಯಿಲೆಯಾದಾಗ ಯಾವ ಔಷಧವನ್ನು ಕೊಡಬೇಕೆಂಬುದನ್ನು ವೈದ್ಯರು ನಿರ್ಧರಿಸುವರು. ಆದರೆ ಆಸ್ಪತ್ರೆಯಲ್ಲಿ ಮಲಗಿರುವ ಮಗುವಿನ ಪಕ್ಕದಲ್ಲಿ ಯಾರಿರಬೇಕೆಂಬುದೂ ಚಿಕಿತ್ಸೆಗೆ ಸೇರಿದ ವಿಷಯವೇ ಎಂಬುದನ್ನು ನಾನಿಂದು ತಮ್ಮ ಮುಂದಿಡಬಯಸುತ್ತೇನೆ.

ಮಕ್ಕಳಿಗೆಂದೇ ಪ್ರತ್ಯೇಕ ಆಸ್ಪತ್ರೆಗಳಿರಬೇಕೆಂಬ ಭಾವನೆ ಬಹಳ ಹಳೆಯದೇನಲ್ಲ. ಪ್ಯಾರಿಸ್ ನಗರದಲ್ಲಿ 1802ರಲ್ಲಿ ಅಂತಹ ಆಸ್ಪತ್ರೆಯೊಂದು ಏರ್ಪಟ್ಟಿತು. ಡಾಕ್ಟರ್ ಚಾರ್ಲ್ಸ್ ವೆಸ್ಟ್ ಅವರ ಪ್ರಯತ್ನದಿಂದ ಲಂಡನ್ನಿನ ಗ್ರೇಟ್ ಆರ್ಮಂಡ್ ಬೀದಿಯಲ್ಲಿ 1852ರಲ್ಲಿ ಕೇವಲ 10 ಹಾಸಿಗೆಗಳ ಆಸ್ಪತ್ರೆ ಆರಂಭವಾಯಿತು. ಇಂತಹ ಸಂಸ್ಥೆಗಳು ಅಸಂಖ್ಯಾತ ಮಕ್ಕಳ ಪ್ರಾಣವನ್ನುಳಿಸಿದವು. ಆದರೂ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪಾಶ್ಚಾತ್ಯ ದೇಶಗಳ ಅನೇಕ ಮಕ್ಕಳ ವಾರ್ಡುಗಳಲ್ಲಿ ತಾಯಿತಂದೆಯರಿಗೆ ಪ್ರವೇಶವೇ ದುರ್ಲಭವಾಗಿದ್ದಿತು. ಎಷ್ಟೋ ಕಡೆ ವಾರಕ್ಕೆ ಒಂದೆರಡು ಗಂಟೆಗಳ ಭೇಟಿಗೆ ಮಾತ್ರ ಅನುಮತಿ.

ಇದಕ್ಕೆ ನಿರ್ದಯೆ ಕಾರಣವಾಗಿರಲಿಲ್ಲ. ಗಂಟಲಮಾರಿ, ದಡಾರ ಮೊದಲಾದ ಸೋಂಕುಗಳ ಭಯವು ನಿಜವಾಗಿಯೇ ಇದ್ದಿತು. ಮತ್ತೊಂದು ಕಾರಣವೂ ಉಂಟು. ತಾಯಿ ಬಂದು ಹೋದಾಗಲೆಲ್ಲ ಮಗು ಅಳುತ್ತಿತ್ತು. ಅವಳು ಬಾರದಿದ್ದರೆ ಕೆಲವು ದಿನಗಳಲ್ಲಿ ಸುಮ್ಮನಾಗುತ್ತಿತ್ತು. ಸುಮ್ಮನಾದ ಮಗು ಹೊಂದಿಕೊಂಡಿತೆಂದೇ ಎಲ್ಲರೂ ಭಾವಿಸಿದರು.

ಈ ನಂಬಿಕೆಯನ್ನು ಪ್ರಶ್ನಿಸಿದವರು ಬ್ರಿಟನ್ನಿನ ಜೇಮ್ಸ್ ರಾಬರ್ಟ್‌ಸನ್. ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನಗಳನ್ನು ಆಸ್ಪತ್ರೆಯಲ್ಲಿ ಕಳೆದ, ಎರಡೂವರೆ ವರ್ಷವೂ ತುಂಬದ ಹೆಣ್ಣುಮಗುವನ್ನು ಕುರಿತು ಅವರು 1952ರಲ್ಲಿ ಒಂದು ಚಲನಚಿತ್ರವನ್ನು ವೈದ್ಯರ ಮುಂದಿಟ್ಟರು. ತಾಯಿಯಿಂದ ಅಗಲಿದ ಎಳೆಯ ಮಗು ಮೊದಲು ಅತ್ತು ಪ್ರತಿಭಟಿಸುವುದು, ಅನಂತರ ಹತಾಶೆಯಿಂದ ಮೌನವಾಗುವುದು, ಅಗಲಿಕೆ ದೀರ್ಘವಾದರೆ ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುವುದು ಎಂದು ಅವರು ವಿವರಿಸಿದರು. ಮೌನವು ಸಮಾಧಾನವಲ್ಲ, ಆಸೆ ಬತ್ತಿದುದರ ಗುರುತು ಎಂಬುದೇ ಅದರ ತಿರುಳು. ಆಗ ಅನೇಕ ವೈದ್ಯರು ಕೋಪಗೊಂಡರು. ಆದರೆ 1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಅವರ ಅಧ್ಯಕ್ಷತೆಯ ಸಮಿತಿಯು, ತಾಯಿತಂದೆಯರ ಭೇಟಿಗೆ ನಿರ್ಬಂಧವಿರಕೂಡದೆಂದೂ ಎಳೆಯ ಮಕ್ಕಳೊಡನೆ ತಾಯಿ ಉಳಿಯಲು ಅನುಕೂಲವಿರಬೇಕೆಂದೂ ಶಿಫಾರಸು ಮಾಡಿತು. ಅದು ಎಲ್ಲೆಡೆ ಆಚರಣೆಗೆ ಬರಲು ಮತ್ತೂ ಬಹುವರ್ಷಗಳೇ ಬೇಕಾದವು.

ನಮ್ಮ ನಾಡಿನ ಸಾಮಾನ್ಯ ವಾರ್ಡುಗಳಲ್ಲಿ ತಾಯಿ ಮಗುವಿನ ಜೊತೆಗಿರುವುದು ರೂಢಿ. ಆದರೆ ದಿನ ತುಂಬದೆ, ತೂಕ ಸಾಲದೆ ಹುಟ್ಟಿದ ಶಿಶುವನ್ನು ಬೇರೆ ಕೊಠಡಿಗೆ ಒಯ್ದಾಗ ತಾಯಿ ಹೊರಗುಳಿಯುತ್ತಿದ್ದಳು. ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ, ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳ ಅಭಾವವಿದ್ದಾಗ, ಡಾಕ್ಟರ್ ಎಡ್ಗರ್ ರೇ 1978ರಲ್ಲಿ ಅಂತಹ ಶಿಶುಗಳನ್ನು ತಾಯಿಯ ಎದೆಗೇ ಅಂಟಿಸಿ ಇರಿಸುವ ಕ್ರಮವನ್ನು ಆರಂಭಿಸಿದರು. ಇದೇ ಕಾಂಗರೂ ಆರೈಕೆ. ಮೊದಲು ಇದು ಶಿಶುವಿನ ಸ್ಥಿತಿ ಸುಧಾರಿಸಿದ ಮೇಲೆ ಮಾತ್ರ ಕೈಗೊಳ್ಳುವ ಕ್ರಮವಾಗಿತ್ತು. ಹುಟ್ಟಿದ ಕೂಡಲೇ ಆರಂಭಿಸಿದರೆ ಏನಾಗುವುದೆಂಬುದನ್ನು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳಲ್ಲಿ 3,211 ಶಿಶುಗಳ ಮೇಲೆ ಪರೀಕ್ಷಿಸಿ, ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಲಾಯಿತು. ಕಾದು ಆರಂಭಿಸಿದವರಲ್ಲಿ ನೂರಕ್ಕೆ 15.7 ಶಿಶುಗಳು 28 ದಿನಗಳೊಳಗೆ ತೀರಿಕೊಂಡರೆ, ಕೂಡಲೇ ಆರಂಭಿಸಿದವರಲ್ಲಿ ಈ ಪ್ರಮಾಣ 12ಕ್ಕೆ ಇಳಿದಿತ್ತು. ಹೊರಗೆ ನಿಲ್ಲಿಸಿದ್ದ ತಾಯಿಯೇ ಔಷಧದಷ್ಟು ಪ್ರಯೋಜನಕಾರಿಯಾಗಿದ್ದಳು!

ಬಂಧುಗಳೇ, ಇದರಿಂದ ನಾವು ಕಲಿಯಬೇಕಾದುದೇನು? “ಹಟ ಮಾಡಿದರೆ ಸೂಜಿ ಚುಚ್ಚಿಸುತ್ತೇನೆ” ಎಂದು ಮಗುವನ್ನು ಹೆದರಿಸಬೇಡಿರಿ. ನಾಳೆ ಅದೇ ಸೂಜಿ ಅದರ ಪ್ರಾಣವನ್ನುಳಿಸಬೇಕಾದೀತು. “ಈಗ ಬಂದೆ” ಎಂದು ಸುಳ್ಳಾಡಿ ನುಸುಳಿಕೊಳ್ಳಬೇಡಿರಿ. ಹೋಗಲೇಬೇಕಾದರೆ ಹೇಳಿಯೇ ಹೋಗಿರಿ. ಅದು ಅತ್ತರೂ ಚಿಂತೆಯಿಲ್ಲ. ನೆಚ್ಚಿನ ಬೊಂಬೆಯನ್ನೋ ಮನೆಯ ಹೊದಿಕೆಯನ್ನೋ ಜೊತೆಗಿಡಬಹುದೇ ಎಂದು ದಾದಿಯರನ್ನು ಕೇಳಿರಿ.

ಇನ್ನು ನೆರೆಹೊರೆಯವರ ಕರ್ತವ್ಯ. ಹಣ್ಣಿನ ಚೀಲ ಹಿಡಿದು ಗುಂಪಾಗಿ ವಾರ್ಡಿಗೆ ನುಗ್ಗುವುದು ಉಪಕಾರವಲ್ಲ. ನೆಗಡಿ ಜ್ವರವಿರುವವರಂತೂ ಅತ್ತ ಸುಳಿಯಲೇಬಾರದು. ಹಗಲಿರುಳು ಮಗುವಿನ ಬಳಿ ಕುಳಿತಿರುವ ತಾಯಿಗೆ ಹಸಿವಿದೆ, ನಿದ್ರೆಯಿಲ್ಲ. ಮನೆಯಲ್ಲಿ ಇನ್ನಿಬ್ಬರು ಮಕ್ಕಳು ಶಾಲೆಗೆ ಹೊರಡಬೇಕು. ತಂದೆಗೆ ಅಂದಿನ ಕೂಲಿ ತಪ್ಪಿದರೆ ಒಲೆ ಹೊತ್ತದು. ಹೀಗಾಗಿ ಎಷ್ಟೋ ಬಡ ಕುಟುಂಬಗಳು ಚಿಕಿತ್ಸೆ ಮುಗಿಯುವ ಮುನ್ನವೇ ಮಗುವನ್ನು ಮನೆಗೆ ಕರೆತರುವ ಯೋಚನೆ ಮಾಡುತ್ತವೆ. ಒಬ್ಬರು ಬುತ್ತಿ ಒಯ್ಯಲಿ, ಒಬ್ಬರು ಮನೆಯ ಮಕ್ಕಳನ್ನು ನೋಡಿಕೊಳ್ಳಲಿ, ಇನ್ನೊಬ್ಬರು ಬಸ್ಸಿನ ಖರ್ಚಿಗೆ ಕೈನೀಡಲಿ. ತಾಯಿ ಮಗುವಿನ ಬಳಿ ಉಳಿಯಬೇಕಾದರೆ, ನಾವು ತಾಯಿಯ ಬೆನ್ನಿಗೆ ನಿಲ್ಲಬೇಕು.

ನೂರು ವರ್ಷ ಕಂಡ ಈ ಧರ್ಮಕೇಂದ್ರದಲ್ಲಿ ಇನ್ನುಮುಂದೆ ಯಾವ ಮಗುವೂ ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗದಿರಲಿ ಎಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.