ಸಹಿ ಹಾಕುವ ಮುನ್ನ



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಕರೆದಿದ್ದೀರಿ. ನಾನು ಕಣ್ಣಿನ ಕ್ಯಾನ್ಸರ್ ಬಗ್ಗೆ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ದೊಡ್ಡ ಕಾಯಿಲೆ ಬಂದರೆ ನಾವು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡುತ್ತೇವೆ. ದೊಡ್ಡ ದವಾಖಾನೆಗಳಲ್ಲಿ ಒಮ್ಮೊಮ್ಮೆ ‘ಹೊಸ ಔಷಧದ ಪ್ರಯೋಗವಿದೆ, ಸೇರುತ್ತೀರಾ?’ ಎಂದು ಕಾಗದ ಮುಂದಿಡುತ್ತಾರೆ. ಅದೇನೆಂದು ನಮಗೆ ತಿಳಿದಿರಬೇಕು.

ದೊಡ್ಡವರ ಕಣ್ಣಿನೊಳಗೆ ಬರುವ ಮೆಲನೋಮ ನಮ್ಮ ದೇಶದಲ್ಲಿ ಅಪರೂಪ, ಬಿಳಿಯರಲ್ಲಿ ಹೆಚ್ಚು. ಕಣ್ಣಿಗೆ ಚಿಕಿತ್ಸೆ ಆದರೂ ಸುಮಾರು ಅರ್ಧದಷ್ಟು ಜನರಲ್ಲಿ ಅದು ಮುಂದೆ ಹಬ್ಬುತ್ತದೆ, ಬಹುಪಾಲು ಲಿವರಿಗೆ. ಪಂಪಿನ ಸ್ವಿಚ್ಚು ಆನ್ ಆಗಿಯೇ ಸಿಕ್ಕಿಬಿದ್ದ ಹಾಗೆ, ಒಂದು ವಂಶವಾಹಿ ಕೆಟ್ಟು ಜೀವಕೋಶಕ್ಕೆ ‘ಬೆಳೆ, ಬೆಳೆ’ ಎನ್ನುತ್ತಲೇ ಇರುತ್ತದೆ. ಸ್ವಿಚ್ಚು ಆರದಿದ್ದರೆ ಮುಂದಿನ ತಂತಿ ಕತ್ತರಿಸಬಹುದಲ್ಲ? ಸೆಲುಮೆಟಿನಿಬ್ ಎಂಬ ಔಷಧದ ಲೆಕ್ಕ ಅದೇ. 2014ರಲ್ಲಿ ಪ್ರಕಟವಾದ, 101 ರೋಗಿಗಳ ಪ್ರಯೋಗದಲ್ಲಿ ಹಳೆಯ ಕಿಮೋ ರೋಗವನ್ನು 7 ವಾರ ತಡೆದರೆ ಇದು ಸುಮಾರು 16 ವಾರ ತಡೆಯಿತು. ಆಸೆ ಚಿಗುರಿತು. ಆಮೇಲೆ ಕಿಮೋ ಜೊತೆಗೆ ಕೊಟ್ಟು 129 ಜನರಲ್ಲಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಇಂಥ ಪ್ರಯೋಗದಲ್ಲಿ ಯಾರಿಗೆ ಯಾವ ಔಷಧ ಎಂಬುದನ್ನು ವೈದ್ಯರು ಆರಿಸುವುದಿಲ್ಲ, ಕಂಪ್ಯೂಟರ್ ಚೀಟಿ ಎತ್ತುತ್ತದೆ. (ಕೊನೆಗೂ ನನ್ನ ಕಸುಬು ಬಂತು!) ಇದು ಮೋಸವಲ್ಲ. ಗಟ್ಟಿ ಇರುವವರಿಗೇ ಹೊಸ ಔಷಧ ಕೊಟ್ಟುಬಿಟ್ಟರೆ ಫಲಿತಾಂಶವೇ ಸುಳ್ಳಾಗುತ್ತದೆ.

ಹೀಗೆ ಸೋತು ಸೋತು ಒಂದು ಗೆದ್ದಿತು. ಟೆಬೆಂಟಾಫಸ್ಪ್ ಎಂಬುದು ದೇಹದ ರಕ್ಷಣಾ ಕಣಗಳನ್ನು ಗಡ್ಡೆಯ ಮೇಲೆ ಛೂಬಿಡುವ ಔಷಧ. 378 ಜನರ ಪ್ರಯೋಗದಲ್ಲಿ, ವರ್ಷದ ನಂತರ ಇದನ್ನು ಪಡೆದವರಲ್ಲಿ ನೂರಕ್ಕೆ 73 ಜನ ಬದುಕಿದ್ದರು, ಉಳಿದ ಗುಂಪಿನಲ್ಲಿ 59. 2022ರ ಜನವರಿಯಲ್ಲಿ ಅಮೆರಿಕ ಒಪ್ಪಿತು. ಅದೂ ರಕ್ತದಲ್ಲಿ ಒಂದು ಗುರುತು ಇದ್ದವರಿಗೆ ಮಾತ್ರ.

ನಿಮ್ಮ ಮುಂದೆ ಕಾಗದ ಬಂದರೆ, ಅರ್ಥವಾಗುವ ಭಾಷೆಯಲ್ಲಿ ಹೇಳಿಸಿಕೊಳ್ಳುವುದು ನಿಮ್ಮ ಹಕ್ಕು. ಓದು ಬಾರದಿದ್ದರೆ ಹೊರಗಿನ ಸಾಕ್ಷಿ ಇರಲೇಬೇಕು. ಒಲ್ಲೆ ಎನ್ನಬಹುದು, ನಡುವೆ ಬಿಟ್ಟು ಬರಬಹುದು. ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಪರಿಹಾರವುಂಟು. 2019ರ ನಿಯಮದಲ್ಲಿ ಬರೆದಿದೆ. ಪ್ರಯೋಗ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಇದೆಯೋ ಎಂದು ಮಕ್ಕಳ ಮೊಬೈಲಿನಲ್ಲೇ ನೋಡಬಹುದು.

ತಾಯಂದಿರೇ, ನಮ್ಮ ಊರಿಗೆ ಹೆಚ್ಚು ಹತ್ತಿರದ್ದು ರೆಟಿನೊಬ್ಲಾಸ್ಟೊಮ, ಸಾಮಾನ್ಯವಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ಕಣ್ಣಿನ ಕ್ಯಾನ್ಸರ್. ಫೋಟೋದಲ್ಲಿ ಮಗುವಿನ ಕಣ್ಣಪಾಪೆ ಬೆಳ್ಳಗೆ ಹೊಳೆದರೆ, ಹೊಸದಾಗಿ ಮೆಳ್ಳಗಣ್ಣು ಕಂಡರೆ ‘ದೊಡ್ಡದಾದ ಮೇಲೆ ಸರಿಹೋಗುತ್ತದೆ’ ಎನ್ನಬೇಡಿ. ಬೇಗ ಹೋದರೆ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಅಂಗನವಾಡಿ ಅಕ್ಕಂದಿರೂ ಸಭೆಯಲ್ಲಿದ್ದೀರಿ. ನಾಳೆ ಮಕ್ಕಳು ಬಂದಾಗ ಒಂದು ಸಲ ಅವರ ಕಣ್ಣು ನೋಡಿ.