ಸರಕಾರಿ ಶಾಲೆಯ ಕಟ್ಟಡ, ಆವರಣ ಮತ್ತು ನಮ್ಮ ಹೊಣೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣದ ಬಗ್ಗೆ ನಾವು ಸಭೆ ಸೇರಿದಾಗ ವಿದ್ಯಾರ್ಥಿವೇತನ, ಪರೀಕ್ಷಾ ಫಲಿತಾಂಶ, ಉನ್ನತ ವ್ಯಾಸಂಗ ಇವುಗಳ ಬಗ್ಗೆ ಮಾತನಾಡುತ್ತೇವೆ. ಅವೆಲ್ಲ ಅಗತ್ಯವೇ. ಆದರೆ ಮಗು ಕುಳಿತುಕೊಳ್ಳುವ ಕೋಣೆಯ ಮಾಡು, ಅದು ಬಳಸುವ ಶೌಚಾಲಯ, ಅದು ಆಡುವ ಅಂಗಳ ಇವುಗಳ ಬಗ್ಗೆ ಮಾತು ಬರುವುದು ಕಡಿಮೆ. ಇಲ್ಲಿ ಕುಳಿತಿರುವ ಅನೇಕರು ಸರಕಾರಿ ಕನ್ನಡ ಶಾಲೆಯಲ್ಲೋ ಉರ್ದು ಶಾಲೆಯಲ್ಲೋ ಅಕ್ಷರ ಕಲಿತವರು. ಆದ್ದರಿಂದ ಇಂದು ಈ ವಿಷಯವನ್ನೇ ಆಯ್ದುಕೊಂಡಿದ್ದೇನೆ.

ಹೊಸ ಕೊಠಡಿ ಕಟ್ಟಿಸಲು ದಾನಿಗಳು ಸಿಗುತ್ತಾರೆ. ಉದ್ಘಾಟನೆಯಾಗುತ್ತದೆ, ಗೋಡೆಗೆ ಹೆಸರಿನ ಕಲ್ಲು ಬರುತ್ತದೆ. ಆದರೆ ಅದೇ ಕೊಠಡಿಯ ತಾರಸಿಯಲ್ಲಿ ಮಳೆನೀರು ಹೋಗುವ ಕೊಳವೆಗೆ ತರಗೆಲೆ ತುಂಬಿದರೆ ತೆಗೆಯುವವರು ಯಾರು? ಈ ಪ್ರಶ್ನೆಗೆ ಒಬ್ಬರ ಹೆಸರು ಹೇಳಲು ಬರುವ ಶಾಲೆಯ ಕಟ್ಟಡ ಉಳಿಯುತ್ತದೆ. ಹೆಸರು ಹೇಳಲು ಬಾರದ ಶಾಲೆಯಲ್ಲಿ ಹೊಸ ಕಟ್ಟಡವೂ ಬೇಗ ಹಳೆಯದಾಗುತ್ತದೆ.

ಇದು ಅಂದಚೆಂದದ ಪ್ರಶ್ನೆಯಲ್ಲ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಗ್ರಾಮದ ಸರಕಾರಿ ಶಾಲೆಯ ಕಟ್ಟಡ ಕುಸಿದು 7 ಮಕ್ಕಳು ಪ್ರಾಣ ಕಳಕೊಂಡರು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಗರಿಯ ಮಾಡಿಗೆ ಬೆಂಕಿ ಹಿಡಿದು 94 ಮಕ್ಕಳು ಸತ್ತರು. ಆ ದುರಂತದ ಬಳಿಕ ನಡೆದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್ 13ರಂದು ತೀರ್ಪು ನೀಡಿ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದು ಸಾರಿತು. ಬೆಂಕಿ ನಂದಿಸುವ ಉಪಕರಣ, ಸಿಬ್ಬಂದಿಗೆ ತರಬೇತಿ, ಕಟ್ಟಡದ ತಪಾಸಣೆ ಇವನ್ನು ಕಡ್ಡಾಯಗೊಳಿಸಿತು.

ಇದೆಲ್ಲ ಸರಕಾರದ ಕೆಲಸವಲ್ಲವೇ ಎಂದು ಕೆಲವರು ಕೇಳಬಹುದು. ಕಟ್ಟಡ ಸರಕಾರದ್ದು, ಹಣ ಕೊಡಬೇಕಾದದ್ದೂ ಸರಕಾರವೇ. ಆದರೆ ಏನು ಬೇಕೆಂದು ಹೇಳುವ ಮತ್ತು ಹಣ ಎಲ್ಲಿ ಹೋಯಿತೆಂದು ಕೇಳುವ ಅಧಿಕಾರವನ್ನು ಕಾನೂನು ಪೋಷಕರ ಕೈಗೆ ಕೊಟ್ಟಿದೆ. ಕರ್ನಾಟಕದಲ್ಲಿ 2001ರಲ್ಲೇ ಎಸ್.ಡಿ.ಎಂ.ಸಿ.ಗಳು ರಚನೆಯಾದವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದೂ ಅನುದಾನದ ಬಳಕೆ ನೋಡುವುದೂ ಸಮಿತಿಯ ಕರ್ತವ್ಯ. ಎಲ್ಲ ಹವಾಮಾನಕ್ಕೂ ತಡೆಯುವ ಕಟ್ಟಡ, ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಶುದ್ಧ ಕುಡಿಯುವ ನೀರು, ಆಟದ ಮೈದಾನ, ಆವರಣ ಗೋಡೆ ಅಥವಾ ಬೇಲಿ ಇವೆಲ್ಲ ಆ ಕಾಯಿದೆಯ ಅನುಸೂಚಿಯಲ್ಲಿವೆ. ಹೀಗಿರುವಾಗ ಕರೆದ ಸಭೆಗೆ ಹೋಗದೆ, ಮನೆಗೆ ಬಂದ ಪುಸ್ತಕಕ್ಕೆ ಸಹಿ ಮಾತ್ರ ಹಾಕಿ ಕಳಿಸುವ ಸದಸ್ಯರು ತಮ್ಮ ಹಕ್ಕನ್ನು ತಾವೇ ಬಿಟ್ಟುಕೊಟ್ಟಂತೆ.

ಕಟ್ಟಡದ ಮೊದಲ ಶತ್ರು ನೀರು. ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹಂಚಿನ ಮಾಡಿನಲ್ಲಿ ಒಂದು ಹಂಚು ಒಡೆದರೆ ನೀರು ಪಕ್ಕಾಸಿಗೆ ಇಳಿಯುತ್ತದೆ. ಒದ್ದೆಯಾದ ಮರ ಕುಂಬಾಗುತ್ತದೆ, ಗೆದ್ದಲು ಹಿಡಿಯುತ್ತದೆ. ಒಂದು ಹಂಚಿನ ಖರ್ಚಿನಲ್ಲಿ ಮುಗಿಯುತ್ತಿದ್ದ ಕೆಲಸ ಇಡೀ ಮಾಡು ಬದಲಿಸುವಲ್ಲಿಗೆ ಬರುತ್ತದೆ. ತಾರಸಿ ಕಟ್ಟಡದಲ್ಲಿ ನಿಂತ ನೀರು ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತಾಗಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕೆಳಗಿನ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಬೀಳಿಸುತ್ತದೆ. ಮೇಲಿನಿಂದ ಸಿಮೆಂಟು ಉದುರುತ್ತಿದೆ ಎಂದರೆ ಒಳಗೆ ತುಕ್ಕು ಆಗಲೇ ಕೆಲಸ ಆರಂಭಿಸಿರಬಹುದು. ಸುಣ್ಣ ಬಳಿದರೆ ಅದು ಮರೆಯಾಗುತ್ತದೆ, ವಾಸಿಯಾಗುವುದಿಲ್ಲ. ಉತ್ತರ ಕರ್ನಾಟಕದ ಎರೆಮಣ್ಣು ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುತ್ತದೆ. ಅಲ್ಲಿ ತಳಪಾಯದ ಬಳಿ ನೀರು ನಿಲ್ಲಲು ಬಿಟ್ಟರೆ ಗೋಡೆ ಬಿರುಕು ಬಿಡುತ್ತದೆ.

ಹಾಗಾದರೆ ನಾವೇನು ಮಾಡಬಹುದು? ಮೊದಲನೆಯದಾಗಿ, ಬೇಸಿಗೆ ರಜೆಗೆ ಮುಂಚೆ ಸಮಿತಿಯವರೂ ಶಿಕ್ಷಕರೂ ಸೇರಿ ಒಂದು ಸುತ್ತು ಹಾಕಬೇಕು. ಜೂನ್‌ನಲ್ಲಿ ಸೋರುವುದನ್ನು ಕಂಡರೆ ತಡವಾಯಿತು. ರಜೆಯ ಎರಡು ತಿಂಗಳೇ ದುರಸ್ತಿಯ ಕಾಲ. ಮಳೆಗಾಲ ಮುಗಿದಾಗ ಇನ್ನೊಂದು ಸುತ್ತು. ಮಾಡು, ಗೋಡೆ, ವಿದ್ಯುತ್ ತಂತಿ, ನೀರಿನ ಟ್ಯಾಂಕ್, ಬಾವಿಯ ಕಟ್ಟೆ, ಅಂಗಳದ ಮರಗಳ ಒಣಗಿದ ಕೊಂಬೆ, ಗೇಟಿನ ಕೀಲು ಎಲ್ಲವನ್ನೂ ನೋಡಬೇಕು. ಕಂಡದ್ದನ್ನು ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆಯಬೇಕು. ಯಾರು ಮಾಡಬೇಕು, ಯಾವಾಗ ಮುಗಿಯಿತು ಎಂಬುದೂ ಅದರಲ್ಲಿರಬೇಕು.

ಎರಡನೆಯದಾಗಿ, ದೊಡ್ಡ ದುರಸ್ತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಶಿಥಿಲ ಕೊಠಡಿಯನ್ನು ನಾವೇ ಕೆಡವುವಂತಿಲ್ಲ, ಅದಕ್ಕೆ ಇಲಾಖೆಯ ಅನುಮತಿ ಬೇಕು. ಆದರೆ ಅದರ ಬಾಗಿಲಿಗೆ ಬೀಗ ಹಾಕಿ ಮಕ್ಕಳನ್ನು ಜಗಲಿಯಲ್ಲಿ ಕೂರಿಸಲು ಯಾರ ಅನುಮತಿಗೂ ಕಾಯಬಾರದು.

ಮೂರನೆಯದು ಶೌಚಾಲಯ. ಶೌಚಾಲಯ ಇದೆ, ಆದರೆ ಬೀಗ ಹಾಕಿದೆ ಎಂಬುದು ಅನೇಕ ಊರುಗಳ ಕತೆ. ತೊಳೆಯುವವರಿಲ್ಲ, ನೀರಿಲ್ಲ ಎಂಬುದು ಕಾರಣ. ಇದರ ಕಷ್ಟ ಹೆಚ್ಚು ಬೀಳುವುದು ಹೆಣ್ಣುಮಕ್ಕಳ ಮೇಲೆ. ನೀರು ಕುಡಿದರೆ ಶೌಚಕ್ಕೆ ಹೋಗಬೇಕಾಗುತ್ತದೆಂದು ಬಾಯಾರಿಕೆ ತಡೆದುಕೊಳ್ಳುವ ಹುಡುಗಿಗೆ ಪಾಠದ ಮೇಲೆ ಮನಸ್ಸು ಹೇಗೆ ನಿಂತೀತು? ಸಮಗ್ರ ಶಿಕ್ಷಣ ಯೋಜನೆಯಡಿ ಮಕ್ಕಳ ಸಂಖ್ಯೆಗನುಸಾರ ಬರುವ ಶಾಲಾ ಅನುದಾನದಲ್ಲಿ ಕನಿಷ್ಠ ಶೇಕಡ 10ನ್ನು ಸ್ವಚ್ಛತೆಗೆ ಬಳಸಬೇಕೆಂಬ ನಿಯಮವಿದೆ. ಅದು ಸಾಲದೆ ಹೋದಲ್ಲಿ ಶುಚಿಗೊಳಿಸುವವರ ಸಂಬಳಕ್ಕೆ ತಿಂಗಳಿಗಿಷ್ಟು ಎಂದು ಕೊಡುವುದು, ಹೆಸರಿನ ಕಲ್ಲು ಹಾಕಿಸುವ ದಾನಕ್ಕಿಂತ ಕಡಿಮೆಯದಲ್ಲ.

ಇಲ್ಲಿ ಒಂದು ಎಚ್ಚರಿಕೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸಂಗತಿ ಬಯಲಾಯಿತು. ತರಗತಿ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು ಎಲ್ಲ ಮಕ್ಕಳೂ ಸರದಿಯಲ್ಲಿ ಕಲಿಯಬೇಕಾದ ಒಳ್ಳೆಯ ಅಭ್ಯಾಸ. ಆದರೆ ಬಡವರ ಮಕ್ಕಳನ್ನು, ಒಂದು ಜಾತಿಯ ಮಕ್ಕಳನ್ನು, ಹುಡುಗಿಯರನ್ನೇ ಆರಿಸಿ ಕೆಲಸಕ್ಕೆ ಹಚ್ಚುವುದು ಶಿಕ್ಷಣವಲ್ಲ, ಅನ್ಯಾಯ. ರಕ್ಷಣಾ ಸಾಧನಗಳಿಲ್ಲದೆ ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನಂತೂ 2013ರ ಕಾಯಿದೆ ಅಪರಾಧವೆಂದಿದೆ.

ಕೊನೆಯದಾಗಿ ಜಾಗದ ವಿಷಯ. ಹಿಂದಿನವರು ಬಾಯಿಮಾತಿನಲ್ಲಿ ಶಾಲೆಗೆ ಜಾಗ ಕೊಟ್ಟರು. ಪಹಣಿ ಅವರ ಹೆಸರಿನಲ್ಲೇ ಉಳಿಯಿತು. ಇಂದು ವಾರಸುದಾರರು ಬಂದು ಮೈದಾನಕ್ಕೆ ಬೇಲಿ ಹಾಕುತ್ತಾರೆ. ಸ್ವಾಧೀನ ಬಿಟ್ಟುಕೊಟ್ಟ ಮೌಖಿಕ ಹಿಬಾ ಮುಸ್ಲಿಂ ಕಾನೂನಿನಲ್ಲಿ ಮಾನ್ಯವಾದರೂ, ಅಷ್ಟಕ್ಕೇ ಪಹಣಿ ತಾನಾಗಿ ಬದಲಾಗುವುದಿಲ್ಲ. ಉಳಿದವರ ದಾನಕ್ಕಂತೂ ನೋಂದಾಯಿತ ಪತ್ರ ಬೇಕೇ ಬೇಕು. ಕೊಟ್ಟ ಹಿರಿಯರು, ಕಂಡ ಸಾಕ್ಷಿಗಳು ಬದುಕಿರುವಾಗಲೇ ಕಾಗದಪತ್ರ ಸರಿಪಡಿಸಿ, ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸಿಕೊಳ್ಳುವುದು ಜಾಣತನ.

ಸದಸ್ಯ ಬಾಂಧವರೇ, ನಮ್ಮ ಸಂಘದಲ್ಲಿ ಇಂಜಿನಿಯರರಿದ್ದಾರೆ, ಗುತ್ತಿಗೆದಾರರಿದ್ದಾರೆ, ವಕೀಲರಿದ್ದಾರೆ, ಎಲೆಕ್ಟ್ರಿಷಿಯನ್ನರಿದ್ದಾರೆ. ಪ್ರತಿಯೊಬ್ಬರೂ ತಮ್ಮ ಊರಿನ ಸರಕಾರಿ ಶಾಲೆಗೆ ವರ್ಷದಲ್ಲಿ ಎರಡು ದಿನ ಕೊಟ್ಟರೆ ಸಾಕು. ವಿದ್ಯಾರ್ಥಿಗಳೇ, ನಿಮ್ಮ ಶಾಲೆಯಲ್ಲಿ ಬಿರುಕು ಕಂಡರೆ, ತಂತಿ ಜೋತುಬಿದ್ದರೆ ಸುಮ್ಮನಿರಬೇಡಿ, ಶಿಕ್ಷಕರಿಗೆ ಹೇಳಿ, ಮನೆಯಲ್ಲೂ ಹೇಳಿ. ಮಕ್ಕಳು ಹೇಳಿದ ಮಾತನ್ನು ದೊಡ್ಡವರು ಆ ದಿನವೇ ಹೋಗಿ ನೋಡಬೇಕು.

ಬರುವ ಏಪ್ರಿಲ್‌ನಲ್ಲಿ ಮೊದಲ ಸುತ್ತು ಆರಂಭವಾಗಲಿ ಎಂದು ವಿನಂತಿಸುತ್ತೇನೆ.